ಸೌಂದರ್ಯಳ ಕೊನೆಯ ಸುತ್ತು

ನಡೆಯುವುದೂ ಒಂದು ಆಟ ಅಂತ ಮಿರ್ಲೆಯ ಜನಕ್ಕೆ ಒಪ್ಪಿಸುವಷ್ಟರಲ್ಲಿ ಸೋಮಶೇಖರ್ ಮೇಷ್ಟ್ರ ತಲೆ ಅರ್ಧ ನೆರೆತುಹೋಗಿತ್ತು. ಓಟ ಅಂದರೆ ಸರಿ, ಕಬಡ್ಡಿ ಅಂದರೆ ಇನ್ನೂ ಸರಿ. ನಡಿಗೆಗೆ ಬಹುಮಾನವಂತೆ! "ನಮ್ಮವ್ವ ದಿನಾ ಗದ್ದೆಗೆ ನಡೀತಾಳೆ ಕಣ್ರೀ ಸಾರ್, ಅವ್ಳಿಗೂ ಒಂದು ಮೆಡ್ಲು ಕೊಡ್ಸಿ" ಎಂದು ಟೀ ಅಂಗಡಿಯಲ್ಲಿ ಕಾಲೆಳೆಯುತ್ತಿದ್ದರು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಖಾಕಿ ಚಡ್ಡಿ ಹಾಕಿಕೊಂಡು ಸೊಂಟ ತಿರುಗಿಸುತ್ತಾ ಮೈದಾನದಲ್ಲಿ ನಡೆದು ತೋರಿಸುವಾಗ ಹುಡುಗರಿರಲಿ, ಹೆಡ್‌ಮೇಷ್ಟ್ರೂ ಕಿಟಕಿಗೆ ಬಂದು ನಿಂತು ನಗುತ್ತಿದ್ದರು.

ಸೌಂದರ್ಯ ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಮೈದಾನದಲ್ಲಲ್ಲ, ಗದ್ದೆ ಬದುವಿನ ಮೇಲೆ. ನಾಟಿಯ ಕಾಲ. ಒಂಬತ್ತನೇ ಕ್ಲಾಸಿನ ಹುಡುಗಿ, ತಲೆ ಮೇಲೆ ನೀರು ಸೋರುವ ಪೈರಿನ ಕಟ್ಟು ಹೊತ್ತುಕೊಂಡು ತಾಯಿ ಮಂಗಳಮ್ಮನ ಹತ್ತಿರ ಹೋಗುತ್ತಿದ್ದಳು. ಎರಡು ಪಾದ ಅಕ್ಕಪಕ್ಕ ಇಡಲು ಜಾಗವಿಲ್ಲದ ಬದು ಅದು. ಒಂದರ ಮುಂದೊಂದು ಇಟ್ಟು ನಡೆಯಬೇಕು, ಅದಕ್ಕೆ ಸೊಂಟ ತಾನಾಗಿ ತಿರುಗುತ್ತದೆ. ಮಂಡಿ ಮಡಚಿದರೆ ಜಾರುತ್ತೆ. ಮುಂದಿನ ಕಾಲು ಊರುವ ಮೊದಲೇ ಹಿಂದಿನದನ್ನು ಎತ್ತಿದರೆ ಪೈರಿನ ಸಮೇತ ಕೆಸರಿಗೆ. ನಡಿಗೆ ಸ್ಪರ್ಧೆಗೆ ಇರುವುದು ಎರಡೇ ಕಾನೂನು: ಮುಂದೆ ಊರಿದ ಕಾಲಿನ ಮಂಡಿ ನೆಟ್ಟಗಿರಬೇಕು, ಯಾವ ಗಳಿಗೆಯಲ್ಲೂ ಒಂದು ಪಾದವಾದರೂ ನೆಲದ ಮೇಲಿರಬೇಕು. ಎರಡನ್ನೂ ಆ ಹುಡುಗಿಗೆ ಬದುವೇ ಕಲಿಸಿಬಿಟ್ಟಿತ್ತು. ಮೇಷ್ಟ್ರು ಬೈಕು ನಿಲ್ಲಿಸಿ, ಬಾಯಿ ತೆರೆದುಕೊಂಡು ನೋಡುತ್ತಾ ನಿಂತರು. ಮಂಗಳಮ್ಮ, "ಏನ್ ಸಾರ್, ಫೀಸು ಬಾಕಿ ಐತಾ?" ಎಂದು ಕೂಗಿ ಕೇಳಿದ್ದಳು.

ಅವತ್ತಿನಿಂದ ಸೌಂದರ್ಯ ಡಿಗ್ರಿಗೆ ಕೆ.ಆರ್. ನಗರದ ಕಾಲೇಜಿಗೆ ಸೇರುವವರೆಗೆ, ಸೇರಿದ ಮೇಲೂ, ಬೆಳಗಾದರೆ ನಾಲೆ ಏರಿಯ ಮೇಲೆ ಅಭ್ಯಾಸ. ಅವರ ಪದ್ಧತಿ ಬಹಳ ಸರಳ. ಮೇಷ್ಟ್ರು ಒಂದು ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದರು. ಅವಳು ಮುಂದೆ ಹಾದುಹೋಗುವಾಗ ಎರಡೂ ಕಾಲು ಗಾಳಿಯಲ್ಲಿದ್ದದ್ದು ಕಂಡರೆ "ನೆಲ!" ಎಂದು ಕೂಗಬೇಕು. ಕಾಣದಿದ್ದರೆ ಸುಮ್ಮನಿರಬೇಕು. ನಡೆಯುವವರಿಗೆ ತಮ್ಮ ಕಾಲು ಯಾವಾಗ ನೆಲ ಬಿಟ್ಟಿತು ಅನ್ನೋದು ಗೊತ್ತಾಗುವುದಿಲ್ಲ. ಅಷ್ಟು ಚಿಕ್ಕ ತಪ್ಪು ಅದು. ಫೋನಿನಲ್ಲಿ ಹಿಡಿದು ನಿಧಾನ ಮಾಡಿ ನೋಡಿದರೆ ಪ್ರಪಂಚದ ಚಾಂಪಿಯನ್ನಿನ ಕಾಲೂ ಎದ್ದೇ ಇರುತ್ತದೆ. ಅದಕ್ಕೇ ಈ ಆಟದಲ್ಲಿ ಯಂತ್ರದ ಮಾತು ನಡೆಯೋದಿಲ್ಲ, ಪಳಗಿದ ಬರಿಗಣ್ಣಿಗೆ ಕಂಡದ್ದೇ ತಪ್ಪು. "ನಂಗೆ ಕಾಲು ಐತೆ, ಕಣ್ಣು ನೀವು" ಎನ್ನುತ್ತಿದ್ದಳು ಸೌಂದರ್ಯ. ಮೇಷ್ಟ್ರಿಗೆ ಈ ಮಾತಿನಿಂದ ಎಷ್ಟು ಹೆಮ್ಮೆ ಅಂದರೆ, ಮನೆಯಲ್ಲಿ ಹೆಂಡತಿಗೆ ಅದನ್ನು ಹೇಳಿ ಹೇಳಿ ಬೇಸರ ಬರಿಸಿದ್ದರು.

ಆಷಾಢದಲ್ಲಿ ಹುಣಸೂರಿನ ಹೊರವಲಯದ ರಸ್ತೆಯಲ್ಲಿ ಆಯ್ಕೆ ಸ್ಪರ್ಧೆ ನಡೆಯಿತು. ಮೊದಲ ಮೂವರಿಗೆ ರಾಷ್ಟ್ರೀಯ ಶಿಬಿರ, ಆ ಶಿಬಿರದಿಂದ ಮುಂದೆ ಒಲಿಂಪಿಕ್ಸ್ ತಂಡ. ಅಷ್ಟು ದೊಡ್ಡ ಸ್ಪರ್ಧೆಗೆ ಬರಬೇಕಿದ್ದ ತೀರ್ಪುಗಾರರಲ್ಲಿ ಒಬ್ಬರಿಗೆ ಜ್ವರ ಬಂತು. ಸ್ಪರ್ಧೆ ನಡೆಸುತ್ತಿದ್ದ ಅಥ್ಲೆಟಿಕ್ಸ್ ಸಂಸ್ಥೆಯ ಕಾರ್ಯದರ್ಶಿ ನೇರವಾಗಿ ಸೋಮಶೇಖರ್ ಹತ್ತಿರ ಬಂದರು. "ನನ್ನ ಹುಡುಗೀನೇ ಇದಾಳೆ ಸಾರ್, ನಾನು ನಿಲ್ಲಬಾರದು" ಎಂದು ಮೇಷ್ಟ್ರು ಹೇಳಿದ್ದು ನಿಜ. "ತೀರ್ಪುಗಾರರ ಪರೀಕ್ಷೆ ಪಾಸಾಗಿರೋರು ನೀವೊಬ್ರೇ ಸಿಕ್ತಿರೋದು, ನಿಮ್ಮ ನಿಯತ್ತು ನಮಗೆ ಗೊತ್ತಿಲ್ವಾ" ಎಂದರು ಕಾರ್ಯದರ್ಶಿ. ನಿಯತ್ತು ಅನ್ನುವ ಮಾತಿಗೆ ಮೇಷ್ಟ್ರು ಉಬ್ಬಿದರು. ಉಳಿದವರಿಗಿಂತ ಅವಳ ಮೇಲೇ ಹೆಚ್ಚು ಬಿಗಿಯಾಗಿರುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡು ರಸ್ತೆಯ ತಿರುವಿನಲ್ಲಿ ನಿಂತರು.

ತೀರ್ಪುಗಾರರ ಕೆಲಸ ಇಷ್ಟು: ಅನುಮಾನ ಬಂದರೆ ಹಳದಿ ಹಲಗೆ ತೋರಿಸಿ ಎಚ್ಚರಿಸಬಹುದು. ತಪ್ಪು ಸ್ಪಷ್ಟವಾಗಿ ಕಂಡರೆ ಕೆಂಪು ಚೀಟಿ ಬರೆದು ಮುಖ್ಯ ತೀರ್ಪುಗಾರರಿಗೆ ಕಳಿಸಬೇಕು. ಬೇರೆ ಬೇರೆ ಮೂವರಿಂದ ಮೂರು ಚೀಟಿ ಹೋದರೆ ಸ್ಪರ್ಧಿ ಹೊರಗೆ. ಕೊನೆಯ ಸುತ್ತಿನ ಹೊತ್ತಿಗೆ ಸೌಂದರ್ಯಳ ಹೆಸರಿನ ಮುಂದೆ ಬೇರೆ ಇಬ್ಬರಿಂದ ಎರಡು ಕೆಂಪು ಬಿದ್ದಿದ್ದವು. ಅವಳು ಮೂರನೆಯ ಸ್ಥಾನದಲ್ಲಿದ್ದಳು. ಬೆನ್ನ ಹಿಂದೆಯೇ ಎಚ್.ಡಿ. ಕೋಟೆಯ ಉಷಾರಾಣಿ.

ತಿರುವಿಗೆ ಬರುತ್ತಿದ್ದಂತೆ ಸೌಂದರ್ಯ ಏನೋ ಮಾಡಿದಳು. ಮೇಷ್ಟ್ರು ಕಲಿಸದ ಏನೋ ಒಂದು. ತೋಳನ್ನು ಇನ್ನಷ್ಟು ಮೇಲಕ್ಕೆಳೆದು, ಸೊಂಟವನ್ನು ಮುಂದಕ್ಕೆ ಎಸೆದಂತೆ ಹೆಜ್ಜೆ ಹಾಕಿದಳು. ವೇಗ ಒಮ್ಮೆಲೇ ಏರಿತು. ಪಾದ ನೆಲ ಬಿಟ್ಟಿತು. ಒಂದು ಸಲವಲ್ಲ, ಪ್ರತಿ ಹೆಜ್ಜೆಗೂ. ಎಷ್ಟೋ ವರ್ಷ ಆ ಎರಡು ಕಾಲುಗಳನ್ನೇ ನೋಡಿದ ಕಣ್ಣು ಅದು, ಅದಕ್ಕೆ ಅನುಮಾನವೇ ಇರಲಿಲ್ಲ. ಉಷಾರಾಣಿ ಹಿಂದೆಯೇ ಬಂದಳು. ಅವಳ ಕಾಲು ನೆಲಕ್ಕೆ ಅಂಟಿಕೊಂಡೇ ಇತ್ತು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಇಬ್ಬರೂ ತಿರುವು ದಾಟಿದ್ದರು. ಚೀಟಿ ಬರೆಯಲು ಆಗಲೂ ಸಮಯವಿತ್ತು. ಬರೆಯಲಿಲ್ಲ. ಅದಕ್ಕೆ ಕಾರಣ ಕೇಳಿದರೆ ಅವರ ಹತ್ತಿರ ದೊಡ್ಡ ಕಾರಣವೇನೂ ಇಲ್ಲ. ಸೌಂದರ್ಯಳ ಮುಖ ಕಂಡಿತು, ಕರುಳು ಚುರಕ್ ಅಂದಿತು, ಕೈ ಏಳಲಿಲ್ಲ.

ಸೌಂದರ್ಯ ಮೂರನೆಯವಳಾಗಿ ಗೆರೆ ಮುಟ್ಟಿದಳು, ಉಷಾರಾಣಿ ನಾಲ್ಕನೆಯವಳಾದಳು. ಮುಗಿದ ಮೇಲೆ ಉಷಾರಾಣಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡಳು. ಆಮೇಲೆ ಎದ್ದು ಮೇಷ್ಟ್ರ ಹತ್ತಿರ ಬಂದು, "ಸಾರ್, ನಂದು ನಡಿಗೆ ಸರಿಯಾಗಿತ್ತಾ?" ಎಂದು ಕೇಳಿದಳು. "ನಿಂದು ಸರಿಯಾಗಿತ್ತು ಕಣವ್ವ" ಎಂದರು. "ಅಂಗಾದ್ರೆ ಸಾಕು ಬುಡಿ, ಬಲ ಸಾಲ್ದು" ಎಂದು ನಕ್ಕು ಹೋದಳು. ಆ ನಗುವನ್ನು ಮೇಷ್ಟ್ರು ಮಿರ್ಲೆಯವರೆಗೂ ಹೊತ್ತು ತಂದರು.

ಊರಿಗೆ ಊರೇ ಕುಣಿಯಿತು. ಸೌಂದರ್ಯಳ ಅಪ್ಪ ನಂಜಣ್ಣ, ಒಂದು ದಿನವೂ ಮಗಳ ಸ್ಪರ್ಧೆ ನೋಡಲು ಬಾರದವನು, ಬಸ್ ಸ್ಟ್ಯಾಂಡಿನಲ್ಲಿ ಒಲಿಂಪಿಕ್ಸ್‌ನ ಐದು ಉಂಗುರದ ಫ್ಲೆಕ್ಸ್ ಕಟ್ಟಿಸಿದ. ಅದರಲ್ಲಿ ಮಗಳಿಗಿಂತ ಅವನ ಫೋಟೋವೇ ದೊಡ್ಡದು. ಕಾಲೆಳೆಯುತ್ತಿದ್ದ ಟೀ ಅಂಗಡಿಯವರು ಈಗ, "ಮೇಷ್ಟ್ರು ಆವತ್ತೇ ಯೋಳಿದ್ರು ಕಣ್ಲಾ, ನಾವೇ ಕ್ಯಾಮೆ ಇಲ್ದೆ ನಗಾಡ್ದೋ" ಎನ್ನತೊಡಗಿದರು. ಮೇಷ್ಟ್ರು ಟೀ ಅರ್ಧಕ್ಕೇ ಇಟ್ಟು ಎದ್ದು ಹೋಗುತ್ತಿದ್ದರು.

ಶಾಲೆಯ ಮೈದಾನದಲ್ಲಿ ಸನ್ಮಾನ. ಗುರು ಶಿಷ್ಯೆ ಇಬ್ಬರಿಗೂ ಮೈಸೂರು ಪೇಟ, ಶಾಲು, ಹಾರ. ಪ್ರತಿ ವರ್ಷ ಕ್ರೀಡಾ ದಿನದಂದು ಮೇಷ್ಟ್ರು ಮಾಡುವ ಭಾಷಣ ಒಂದಿತ್ತು, ಒಲಿಂಪಿಕ್ಸ್ ಆಟಗಾರ ದೊಡ್ಡವನಾಗುವುದು ಹೇಗೆ ಅಂತ. ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. ಉಸಿರು, ಊಟ, ನಿದ್ದೆ, ಶಿಸ್ತು. ಅವತ್ತು ಅದನ್ನೇ ಶುರುಮಾಡಿದರು. ಶಿಸ್ತು ಅನ್ನುವ ಮಾತಿಗೆ ಬಂದು ನಿಂತುಬಿಟ್ಟರು. ಮುಂದಿನದು ನೆನಪಿಗೆ ಬರಲಿಲ್ಲ. ಸಂತೋಷಕ್ಕೆ ಮಾತು ಕಟ್ಟಿತು ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ತಲೆಯ ಮೇಲಿನ ಪೇಟ ತೆಗೆದು ಅಲ್ಲೇ ಬಿಸಾಕಿ ಓಡಿಹೋಗಬೇಕು ಅನ್ನಿಸಿತು ಅವರಿಗೆ. ಆದರೆ ಕೂತರು. ಹಾರ ಹಾಕಿಸಿಕೊಂಡರು.

ಪಕ್ಕದ ಕುರ್ಚಿಯಿಂದ ಸೌಂದರ್ಯ ಬಗ್ಗಿ ಪಿಸುಗುಟ್ಟಿದಳು. "ಸಾರ್, ಕೊನೇ ಸುತ್ತಲ್ಲಿ ತಿರುವಲ್ಲಿ ನೀವೇ ಇದ್ರಲ್ಲ. ಅಲ್ಲಿ ನಾನು ಬೇರೆ ಥರ ನಡ್ದೆ. ಸೊಂಟದ ಹತ್ರ ಏನೋ ಬಿಚ್ಕಂಡಂಗಾಯ್ತು. ಅಂಗೆ ಯಾವತ್ತೂ ನಡ್ದಿರ್ನಿಲ್ಲ. ಅದು ಸರೀಗಿತ್ತಾ?"

"ಚೆನ್ನಾಗಿತ್ತು ಕಣವ್ವ" ಎಂದರು ಮೇಷ್ಟ್ರು.

"ಚೆನ್ನಾಗಿದ್ದಿದ್ದು ಕೇಳ್ನಿಲ್ಲ ಸಾರ್. ಕಾಲು ನೆಲ ಬುಟ್ಟಿತ್ತಾ?"

"ಬಿಟ್ಟಿದ್ದರೆ ಚೀಟಿ ಬರೀತಿರಲಿಲ್ವಾ ನಾನು?"

ಅವಳ ಮುಖ ಅರಳಿತು. ಅದು ಗೆದ್ದ ಖುಷಿಯಲ್ಲ, ಗೆದ್ದದ್ದು ಆಗಲೇ ಅವಳಿಗೆ ಹಳೆಯದಾಗಿತ್ತು. ಹೊಸ ನಡಿಗೆಯೊಂದು ಸಿಕ್ಕಿತಲ್ಲ ಅನ್ನುವ ಖುಷಿ. "ಅಂಗಾದ್ರೆ ಅದ್ನೇ ರೂಢಿ ಮಾಡ್ಕತೀನಿ ಸಾರ್. ಶಿಬಿರಕ್ಕೋಗೋದ್ರೊಳ್ಗೆ ಕಾಲಿಗೆ ಕೂರ್ಸ್ಕಬೇಕು" ಎಂದಳು.

ಮೇಷ್ಟ್ರಿಗೆ ತಾನು ಮಾಡಿದ್ದು ಏನು ಅನ್ನುವುದು ಪೂರ್ತಿ ಅರ್ಥವಾದದ್ದು ಆಗಲೇ. ಅಲ್ಲಿಯವರೆಗೆ ಉಷಾರಾಣಿಗೆ ಅನ್ಯಾಯವಾಯಿತು ಅಂತಷ್ಟೇ ಸಂಕಟಪಡುತ್ತಿದ್ದರು. ಈಗ ನೋಡಿದರೆ, ಕರುಳು ಚುರಕ್ ಅಂದು ಕಾಪಾಡಿದೆ ಅಂದುಕೊಂಡ ಹುಡುಗಿಯನ್ನೇ ಹಾಳುಮಾಡಲು ಹೊರಟಿದ್ದರು. ಶಿಬಿರದಲ್ಲಿ ಅವಳ ಮುಖ ನೋಡಿ ಕನ್ನಡಕ ಒರೆಸುವವರು ಯಾರೂ ಇರುವುದಿಲ್ಲ. ಮೂರು ಚೀಟಿ ಒಂದರ ಹಿಂದೊಂದು ಬಿದ್ದು ಅವಳು ರಸ್ತೆ ಬದಿಗೆ ಬಂದು ನಿಲ್ಲುತ್ತಾಳೆ, ಯಾಕೆ ಅಂತಲೂ ಅವಳಿಗೆ ತಿಳಿದಿರುವುದಿಲ್ಲ.

ಆದರೂ ಹೇಳಲಿಲ್ಲ. ಇವತ್ತು ಹೇಳೋಣ ಅಂತ ಬೆಳಿಗ್ಗೆ ಹೋಗುತ್ತಿದ್ದರು. ಹೊಂಗೆ ಮರದ ಕೆಳಗೆ ನಿಂತರೆ ನಾಳೆ ಹೇಳಿದರಾಯಿತು ಅನ್ನಿಸುತ್ತಿತ್ತು. ಅವಳು ಹೊಸ ನಡಿಗೆಯಲ್ಲಿ ಹಾದುಹೋಗುತ್ತಿದ್ದಳು, ಎರಡೂ ಕಾಲು ಗಾಳಿಯಲ್ಲಿ. ಇವರು ನೀರು ನೋಡುತ್ತಿದ್ದರು, ದನ ನೋಡುತ್ತಿದ್ದರು, ಫೋನು ನೋಡುತ್ತಿದ್ದರು. ಪ್ರತಿ ದಿನ ಅಭ್ಯಾಸ ಮುಗಿದ ಮೇಲೆ ಅವಳದು ಅದೇ ಪ್ರಶ್ನೆ: "ನೆಲ ಬುಡ್ತಾ ಸಾರ್?" ಇವರದು ಅದೇ ಉತ್ತರ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಸಲೀಸು ಅಂತಾರಲ್ಲ, ಮೇಷ್ಟ್ರಿಗೆ ಹಾಗಾಗಲಿಲ್ಲ. ಪ್ರತಿ ಸಲವೂ ಮೊದಲ ಸಲದಷ್ಟೇ ಕಷ್ಟವಾಗುತ್ತಿತ್ತು. ಊಟದ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು. ಹೆಂಡತಿ ಜಯಲಕ್ಷ್ಮಮ್ಮ ಶುಗರ್ ಟೆಸ್ಟ್ ಮಾಡಿಸಿಕೊಳ್ಳಿ ಎಂದರು.

ನಾಟಿ ಶುರುವಾದ ವಾರ, ಒಂದು ಬೆಳಿಗ್ಗೆ ಮಳೆ ನಿಂತು ನಾಲೆ ಏರಿ ಹಸಿಯಾಗಿತ್ತು. ಏರಿಯ ಮಣ್ಣಿನ ಮೇಲೆ ಅವಳ ಹೆಜ್ಜೆ ಗುರುತುಗಳೂ ಕಾಣುತ್ತಿದ್ದವು. ಮೇಷ್ಟ್ರು ಎಂದಿನಂತೆ ಬೇರೆ ಕಡೆ ನೋಡುತ್ತಿದ್ದರು. ಅವಳು ಹತ್ತಿರ ಬಂದ ಸದ್ದಿಗೆ ಅಭ್ಯಾಸಬಲದಿಂದ ತಲೆ ತಿರುಗಿತು, ಕಣ್ಣು ಕಾಲಿನ ಮೇಲೆ ಬಿತ್ತು. ಬಾಯಿಂದ ತಾನಾಗಿಯೇ ಹೊರಟಿತು:

"ನೆಲ!"

ಸೌಂದರ್ಯ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು. ತಿರುಗಿ ಬಂದಳು. ಉಸಿರು ಏರಿಳಿಯುತ್ತಿತ್ತು.

"ಈಗ ಬುಡ್ತಾ ಸಾರ್?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ಇದು ಹುಣಸೂರಲ್ಲಿ ನಡ್ದಂಗೇ ನಡ್ದಿದ್ದು. ಒಂಚೂರೂ ಬದ್ಲಿಲ್ಲ. ಆವತ್ತು ಬುಟ್ಟಿರ್ನಿಲ್ಲ, ಈಗ ಎಂಗೆ ಬುಡ್ತು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ದಡ್ಡಿಯಲ್ಲ ಆ ಹುಡುಗಿ.

"ಆವತ್ತೂ ಬುಟ್ಟಿತ್ತು" ಎಂದಳು ಕೊನೆಗೆ, ಕೇಳುವ ಹಾಗಲ್ಲ, ಹೇಳುವ ಹಾಗೆ.

"ಬಿಟ್ಟಿತ್ತು ಕಣವ್ವ. ಪ್ರತಿ ಹೆಜ್ಜೆಗೂ ಬಿಟ್ಟಿತ್ತು. ನಾನು ನೋಡಿದೆ. ಕೈ ಬರಲಿಲ್ಲ."

ಸೌಂದರ್ಯ ಏರಿಯ ಮೇಲೇ ಕುಕ್ಕರಗಾಲಲ್ಲಿ ಕೂತಳು. ಮೇಷ್ಟ್ರು ಅವಳು ಶಿಬಿರ ಹೋಯಿತು, ಒಲಿಂಪಿಕ್ಸ್ ಹೋಯಿತು ಅಂತ ಅಳುತ್ತಾಳೆ ಅಂದುಕೊಂಡರು. ಅವಳ ಕಣ್ಣಲ್ಲಿ ನೀರು ಬಂದದ್ದು ನಿಜ. ಆದರೆ ಅವಳು ಕೇಳಿದ್ದು ಬೇರೆ.

"ಆವತ್ತೇ ಚೀಟಿ ಬರ್ದಿದ್ರೆ ಏನಾಗದು ಸಾರ್? ಸೋಲ್ತಿದ್ದೆ. ಸೋಲೋದು ನಂಗೊತ್ತಿಲ್ವಾ? ಎಷ್ಟು ಸಲ ಸೋತಿಲ್ಲ. ಇಷ್ಟು ದಿನ ತಪ್ಪು ಕಾಲು ಕಲ್ತ್ನಲ್ಲ ಸಾರ್. ದಿನಾ ಕೇಳ್ತಿದ್ದೆ ನಿಮ್ಮನ್ನ. ದಿನಾ ಕೇಳ್ತಿದ್ದೆ."

"ತಪ್ಪಾಯ್ತು ಕಣವ್ವ" ಎಂದರು ಮೇಷ್ಟ್ರು. ಅವರ ವಯಸ್ಸಿಗೆ, ಶಿಷ್ಯೆಯ ಮುಂದೆ, ಆ ಮಾತು ಹೇಳಲು ನಾಚಿಕೆಯಾಗಲಿಲ್ಲ. ಸಾಲದು ಅನ್ನಿಸಿತು.

ಅವಳು ಮುಖ ಒರೆಸಿಕೊಂಡು ಎದ್ದು, "ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಸಾರ್" ಎಂದಳು.

ಮೇಷ್ಟ್ರು ಮಾಡಿದರು. ಸ್ಪೀಕರ್ ಹಾಕಿ ಅಂದಳು, ಹಾಕಿದರು. ನಡೆದದ್ದನ್ನೆಲ್ಲ ಹೇಳಿದರು. ಕಾರ್ಯದರ್ಶಿ ನಿಧಾನವಾಗಿ, "ಸೋಮಶೇಖರ್, ಆಕ್ಷೇಪಣೆ ಕೊಡೋ ಟೈಮು ಅವತ್ತೇ ಮುಗೀತಲ್ರೀ. ಫಲಿತಾಂಶ ಮೇಲಕ್ಕೆ ಹೋಗಿದೆ. ಈಗ ಇದನ್ನ ಕೆದಕಿ ಯಾರಿಗೆ ಏನು ಸಿಗುತ್ತೆ? ನಿಮ್ಮ ಹೆಸರು ಹಾಳಾಗುತ್ತೆ, ನಂದೂ ಹಾಳಾಗುತ್ತೆ. ಹುಡುಗಿ ಭವಿಷ್ಯ ನೋಡಿ. ಬಿಟ್ಬಿಡಿ, ನನಗೆ ನೀವು ಹೇಳೇ ಇಲ್ಲ" ಎಂದರು.

ಒಂದು ಕ್ಷಣ ಮೇಷ್ಟ್ರ ಮನಸ್ಸು ಹಗುರಾಯಿತು. ಅದನ್ನು ಮುಚ್ಚಿಡುವುದು ಬೇಡ, ಹಗುರಾಯಿತು. ದೊಡ್ಡವರೇ ಬಿಡು ಅಂದಮೇಲೆ ಇನ್ನೇನು ಅಂತ ಸೌಂದರ್ಯಳ ಕಡೆ ಆಸೆಯಿಂದ ನೋಡಿದರು. ಅವಳು ಫೋನು ತನ್ನ ಕೈಗೆ ತೆಗೆದುಕೊಂಡಳು.

"ಸಾರ್, ನಾನು ಸೌಂದರ್ಯ. ನಾನು ಶಿಬಿರಕ್ಕೋಗಲ್ಲ. ಉಷಾರಾಣೀನ ಕಳ್ಸಿ. ನಾನು ಬರ್ದು ಕಳುಸ್ತೀನಿ" ಎಂದಳು. ಅವರು ಅರ್ಧ ಗಂಟೆ ಬಿಟ್ಟು ಮಾತಾಡೋಣಮ್ಮ, ಯೋಚನೆ ಮಾಡಮ್ಮ, ಇಂಥ ಅವಕಾಶ ಮತ್ತೆ ಬರಲ್ಲಮ್ಮ ಎಂದು ಏನೇನೋ ಹೇಳಿದರು. "ಆ ನಡಿಗೆ ನಂದಲ್ಲ ಸಾರ್" ಎಂದು ಹೇಳಿ ಕಟ್ ಮಾಡಿದಳು.

ಫೋನನ್ನು ಮೇಷ್ಟ್ರ ಕೈಗೆ ವಾಪಸು ಕೊಟ್ಟಳು. ನಾಳೆ ಬರಲೇ ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬಂದದ್ದು ಬಹಳ ಹೊತ್ತಿನ ಮೇಲೆ.

"ಗೊತ್ತಿಲ್ಲ ಸಾರ್" ಎಂದಳು ಅವಳು. "ನೀವು ಸುಮ್ನಿದ್ರೆ ಇನ್ಮೇಲೆ ನಂಗೆ ಏನ್ ಅರ್ಥ ಮಾಡ್ಕಬೇಕು ಅಂತ ಗೊತ್ತಾಗಲ್ಲ." ಸ್ವಲ್ಪ ತಡೆದು, "ಅವ್ವಂಗೆ ನೀವೇ ಯೋಳಿ. ಅದೊಂದು ನನ್ ಕೈಲಾಗಲ್ಲ" ಎಂದಳು. ಆಮೇಲೆ ತಿರುಗಿ ಏರಿಯ ಮೇಲೆ ನಡೆಯತೊಡಗಿದಳು, ನಿಧಾನವಾಗಿ, ಹಳೆಯ ನಡಿಗೆಯನ್ನು ನೆನಪಿಸಿಕೊಳ್ಳುತ್ತಾ. ಎರಡು ಹೆಜ್ಜೆ ಸರಿ ಬರುತ್ತಿತ್ತು, ಮೂರನೆಯದು ಹೊಸದಕ್ಕೆ ಜಾರುತ್ತಿತ್ತು. ನಿಲ್ಲುತ್ತಿದ್ದಳು, ಮತ್ತೆ ಶುರುಮಾಡುತ್ತಿದ್ದಳು. ಮೇಷ್ಟ್ರು ಬೈಕು ಹತ್ತಿದರು.

ಮಂಗಳಮ್ಮನ ಮನೆಯಲ್ಲಿ ಹಬ್ಬದ ಸಡಗರ. ಶಿಬಿರದಲ್ಲಿ ಮಗಳಿಗೆ ಊಟ ಸೇರುತ್ತೋ ಇಲ್ಲವೋ ಅಂತ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಎಲ್ಲ ಡಬ್ಬಿಗೆ ತುಂಬುತ್ತಿದ್ದಳು. ಮೇಷ್ಟ್ರನ್ನು ಕಂಡು, "ಬನ್ನಿ ಸಾರ್, ಬನ್ನಿ, ಕೂತ್ಕಳಿ. ನಿಮ್ಗೂ ಒಂದು ಡಬ್ಬಿ ಇಕ್ಕಿವ್ನಿ. ನಿಮ್ ಋಣ ಯಾವ್ ಜನ್ಮಕ್ಕೆ ತೀರಿಸ್ತೀವೋ" ಎನ್ನುತ್ತಾ ಬಿಸಿ ನಿಪ್ಪಟ್ಟು ತಟ್ಟೆಗೆ ಹಾಕಿ ಮುಂದಿಟ್ಟಳು.

ಮೇಷ್ಟ್ರು ತಟ್ಟೆ ಮುಟ್ಟಲಿಲ್ಲ. ನಿಂತುಕೊಂಡೇ ಹೇಳಿದರು. ಹುಣಸೂರು, ತಿರುವು, ಬರೆಯದ ಚೀಟಿ, ದಿನವೂ ಹೇಳಿದ ಸುಳ್ಳು, ಕಾರ್ಯದರ್ಶಿ ಬಿಟ್ಬಿಡಿ ಅಂದದ್ದು, ಈಗ ಸೌಂದರ್ಯ ಫೋನಿನಲ್ಲಿ ಅಂದದ್ದು. ಮಂಗಳಮ್ಮ ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದು ಬೆನ್ನು ಗಟ್ಟಿಮಾಡಿಕೊಂಡೇ ಬಂದಿದ್ದರು. ಬೈಯಲಿ, ಅದಕ್ಕೇ ಬಂದದ್ದು ಅನ್ನಿಸಿತ್ತು. ಬೈದರೆ ಎದೆಯ ಭಾರ ಒಂದಿಷ್ಟಾದರೂ ಇಳಿದೀತು.

ಬೈದಳು. ಆದರೆ ಅವರು ಕಾದಿದ್ದ ಬೈಗುಳ ಅದಲ್ಲ.

"ಯಾಕ್ ಸಾರ್ ಯೋಳಿದ್ರಿ ಅವ್ಳಿಗೆ?" ಎಂದಳು ಮಂಗಳಮ್ಮ. ಕಣ್ಣು ಕೆಂಪಾಗಿತ್ತು. "ನೋಡಿದ್ದು ನೀವೊಬ್ರೇ ಅಂತೀರಿ. ಚೀಟಿ ಬರೀನಿಲ್ಲ, ಒಳ್ಳೇದ್ ಮಾಡಿದ್ರಿ. ಅದ್ನ ಅಂಗೇ ನುಂಗ್ಕಂಡು ಸುಮ್ನಿರಕ್ಕೆ ಏನಾಗಿತ್ತು ನಿಮ್ಗೆ? ಆ ಮಗ ಎಷ್ಟು ಬೆವ್ರು ಸುರ್ಸದೆ, ನೀವು ಕಂಡಿಲ್ವಾ? ದೊಡ್ಡವ್ರೇ ಬುಡಿ ಅಂದ್ಮೇಲೂ ನಿಮ್ದೇನು? ಯಾರ್ ಕೇಳಿದ್ರು ನಿಮ್ಮನ್ನ?"

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅವಳೇ ಕೇಳಿದ್ಲು ಮಂಗಳಮ್ಮ" ಎಂದರು. "ದಿನಾ ಕೇಳ್ತಿದ್ಲು."

ಮಂಗಳಮ್ಮ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಹಾಕಲು ನೋಡಿದಳು, ಅದು ಸರಿಯಾಗಿ ಕೂರಲಿಲ್ಲ, ಪಕ್ಕಕ್ಕಿಟ್ಟಳು. ಒಲೆಯ ಮುಂದೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟು ಇಳಿದು ದನಿ ಮೆತ್ತಗಾಗಿತ್ತು. ಎದುರಿಗಿದ್ದವರನ್ನು ನೋಡಿ ಕರುಣೆ ಬಂದವಳ ಹಾಗೆ ಹೇಳಿದಳು:

"ಓಗ್ಲಿ ಬುಡಿ ಸಾರ್. ನೀವೇನ್ ಮಾಡೀರಿ. ನನ್ ಕೈಲಿ ಚೀಟಿ ಇದ್ದಿದ್ರೂ ನಾನೂ ಬರೀತಿರ್ನಿಲ್ಲ. ನಾವು ಇಂಗೇಯ. ಅವ್ಳು ಬ್ಯಾರೆ."

ಅವಳು ಸಮಾಧಾನಕ್ಕೆ ಹೇಳಿದ ಆ ಮಾತಿನಷ್ಟು ಇನ್ಯಾವುದೂ ಮೇಷ್ಟ್ರನ್ನು ಚುಚ್ಚಲಿಲ್ಲ. ನಾನು ನಿಮ್ಮ ಜೊತೆಯವನಲ್ಲ, ಅವಳ ಮೇಷ್ಟ್ರು ಎಂದು ಹೇಳಬೇಕು ಅನ್ನಿಸಿತು. ಬರೆಯದ ಆ ಚೀಟಿ ನೆನಪಾಗಿ, ಹೇಳದೆಯೇ ಬೈಕಿನ ಕಡೆ ನಡೆದರು.